ಫೋಮ್ ಕೋಟಿಂಗ್ ಇರೋ ಬ್ರೆಸ್ಟ್ ಇಂಪ್ಲಾಂಟ್ ಹಾಕಿಸ್ಬೋದಾ?

ಮಲ್ಲಿಗೆಮೊಗ್ಗು: ನಮ್ಮಕ್ಕಂಗೆ ಹೋದ್ವರ್ಷ ಬ್ರೆಸ್ಟ್ ಕ್ಯಾನ್ಸರ್ ಆಪರೇಷನ್ ಆಯ್ತು, ರೇಡಿಯೇಷನ್ನೂ ಮುಗೀತು, ಈಗ ಡಾಕ್ಟ್ರು ಪಾಲಿಯುರೆಥೇನ್ ಅನ್ನೋ ಫೋಮ್ ಕೋಟಿಂಗ್ ಇರೋ ಇಂಪ್ಲಾಂಟ್ ಹಾಕೋಣ ಅದು ಬೇಗ ಗಟ್ಟಿಯಾಗಲ್ಲ ಅಂತಿದಾರೆ. ಮನೆಗ್ ಬಂದು ಗೂಗಲ್ ಮಾಡಿದ್ರೆ ಅಮೆರಿಕದಲ್ಲಿ ನಿಲ್ಸಿದಾರಂತೆ, ಕ್ಯಾನ್ಸರ್ ಬರುತ್ತಂತೆ. ಅಕ್ಕ ನಿದ್ದೆನೇ ಮಾಡ್ತಿಲ್ಲ. ಗೊತ್ತಿರೋರು ಹೇಳಿ ಪ್ಲೀಸ್.

ಓಟಿಸಿಸ್ಟರ್: ಅಮೆರಿಕದ್ದು ಹಳೇ ಕಥೆ ಕಣಮ್ಮ. ಆ ಫೋಮ್ ಕರಗುವಾಗ ಟಿಡಿಎ ಅನ್ನೋ ಕೆಮಿಕಲ್ ಬರುತ್ತೆ, ಪ್ರಾಣಿಗಳಲ್ಲಿ ಅದ್ರಿಂದ ಕ್ಯಾನ್ಸರ್ ಬಂದಿತ್ತು ಅಂತ 1991ರಲ್ಲಿ ಕಂಪನಿನೇ ವಾಪಸ್ ತಗೊಳ್ತು. ಆಮೇಲೆ 1995ರಲ್ಲಿ ಎಫ್‌ಡಿಎ, ಅಂದ್ರೆ ಅಲ್ಲಿನ ಔಷಧಿ ನಿಯಂತ್ರಣ ಇಲಾಖೆ, ಲೆಕ್ಕ ಹಾಕಿದ್ರೆ ರಿಸ್ಕು ಹತ್ತು ಲಕ್ಷಕ್ಕೆ ಒಬ್ರಿಗೆ ಅನ್ನೋಷ್ಟು. ಜರ್ಮನಿ, ಬ್ರೆಜಿಲ್‌ನಲ್ಲಿ ಇವತ್ತೂ ಮಾಡ್ತಾರೆ. ಯಾವ ಇಂಪ್ಲಾಂಟ್ ಹಾಕಿದ್ರೂ ಮೈ ಅದರ ಸುತ್ತ ಒಂದು ಪೊರೆ ಕಟ್ಕೊಳತ್ತೆ, ಆ ಪೊರೆ ಬಿಗಿದ್ರೆ ಎದೆ ಕಲ್ಲಿನ ಥರ ಆಗಿ ನೋಯುತ್ತೆ, ರೇಡಿಯೇಷನ್ ಆದೋರಿಗೆ ಇನ್ನೂ ಜಾಸ್ತಿ. ಫೋಮ್ ಇದ್ರೆ ಮಾಂಸ ಅದರ ಸಣ್ಣ ತೂತುಗಳೊಳಗೆ ಬೆಳ್ಕೊಂಡು ಪೊರೆ ಒಂದೇ ಕಡೆ ಎಳೆಯೋಕ್ ಆಗಲ್ಲ, ಅದಕ್ಕೇ ಗಟ್ಟಿಯಾಗೋದು ಕಮ್ಮಿ.

ಕರಾವಳಿಹುಡುಗಿ: ನಂಗೆ ಹಾಕಿದಾರೆ. ಮೊದ್ಲು ಎದೆ ಮೇಲೆಲ್ಲಾ ಕೆಂಪು ಗುಳ್ಳೆ, ತುರಿಕೆ, ಇನ್ಫೆಕ್ಷನ್ ಅಂದ್ಕೊಂಡು ಅತ್ತಿದ್ದೆ, ಕೆಲವ್ರಿಗೆ ಹಾಗಾಗುತ್ತಂತೆ, ತಾನಾಗೇ ಹೋಯ್ತು. ಆದ್ರೆ ಒಂದು ನೆನಪಿರ್ಲಿ, ಇದು ಗೋಂದು ಹಾಕಿದಂಗೆ ಅಂಟ್ಕೊಳತ್ತೆ, ಜರುಗಲ್ಲ ತಿರುಗಲ್ಲ ಸರಿ, ಆದ್ರೆ ಸೊಟ್ಟ ಕೂತ್ರೆ ಸೊಟ್ಟಾನೇ, ತೆಗೆಯೋದೂ ಸುಲಭ ಇಲ್ಲ. ಇದನ್ನ ಹಾಕಿ ಅಭ್ಯಾಸ ಇರೋ ಸರ್ಜನ್ನೇ ಬೇಕು.

ಸುಮ್ನೆಓದೋನು: ಸಿಸ್ಟರ್, ಅರ್ಧ ಹೇಳಿದ್ರಿ. ಫ್ರಾನ್ಸ್ 2019ರ ಏಪ್ರಿಲ್‌ನಲ್ಲಿ ತುಂಬಾ ಒರಟು ಮೇಲ್ಮೈ ಇರೋ ಇಂಪ್ಲಾಂಟ್ ಜೊತೆ ಪಾಲಿಯುರೆಥೇನನ್ನೂ ಬ್ಯಾನ್ ಮಾಡ್ತಲ್ಲ, ಅದು ಟಿಡಿಎಗಲ್ಲ, ಎಎಲ್‌ಸಿಎಲ್ ಅನ್ನೋ ಲಿಂಫೋಮಾಗೆ, ಅಂದ್ರೆ ಇಂಪ್ಲಾಂಟ್ ಸುತ್ತ ಬರೋ ಒಂಥರ ಬಿಳಿ ರಕ್ತಕಣದ ಕ್ಯಾನ್ಸರ್‌ಗೆ.

ಓಟಿಸಿಸ್ಟರ್: ಒಪ್ಕೋತೀನಿ ಸರ್. ಅಪರೂಪದ ಕಾಯಿಲೆ, ಆದ್ರೆ ಇದೆ. ಎಷ್ಟೋ ವರ್ಷ ಆದ್ಮೇಲೆ ಇದ್ದಕ್ಕಿದ್ದಂಗೆ ಒಂದು ಕಡೆ ಊದಿ ನೀರು ತುಂಬಿದ್ರೆ ಸುಮ್ನಿರ್ಬಾರ್ದು, ಆ ನೀರು ತೆಗ್ದು ಈ ಕ್ಯಾನ್ಸರ್ ಪತ್ತೆ ಮಾಡೋ ಸಿಡಿ30 ಟೆಸ್ಟ್ ಮಾಡಿಸ್ಬೇಕು. ಬೇಗ ಸಿಕ್ರೆ ಇಂಪ್ಲಾಂಟ್ ಪೊರೆ ಎರಡೂ ತೆಗೆದ್ರೆ ಬಹಳ ಜನಕ್ಕೆ ಸಾಕಾಗುತ್ತೆ. ನಿಜ ಹೇಳ್ಬೇಕಂದ್ರೆ ಮಲ್ಲಿಗೆ, ನಾನಾಗಿದ್ರೆ ಕೋಟಿಂಗ್ ಯಾವ್ದು ಅನ್ನೋಕ್ ಮುಂಚೆ ರೇಡಿಯೇಷನ್ ಆದ್ಮೇಲೆ ಇಂಪ್ಲಾಂಟೇ ಯಾಕೆ ಅಂತ ಕೇಳ್ತಿದ್ದೆ. ಹೊಟ್ಟೆ ಚರ್ಮ, ಕೊಬ್ಬು ತಗೊಂಡು ಮಾಡೋ ಫ್ಲಾಪ್ ಆಪರೇಷನ್ ಇದೆ, ದೊಡ್ಡ ಆಪರೇಷನ್ನೇ, ಆದ್ರೆ ನಮ್ಮದೇ ಮಾಂಸ.

ಮಲ್ಲಿಗೆಮೊಗ್ಗು: ಅಯ್ಯೋ ಇದನ್ನ ಡಾಕ್ಟ್ರು ಹೇಳೇ ಇಲ್ಲ! ಅಕ್ಕಂಗೆ ಸಿಸೇರಿಯನ್ ಆಗಿದೆ, ಆದ್ರೂ ಆಗುತ್ತಾ?

ಓಟಿಸಿಸ್ಟರ್: ಬಹಳಷ್ಟು ಜನಕ್ಕೆ ಆಗುತ್ತೆ, ಮೊದ್ಲು ಹೊಟ್ಟೆ ರಕ್ತನಾಳದ ಸಿಟಿ ಸ್ಕ್ಯಾನ್ ಮಾಡಿ ನೋಡ್ತಾರೆ. ಡಾಕ್ಟ್ರ ಹತ್ರ ಹೋಗುವಾಗ ಹಳೇ ಆಪರೇಷನ್ ಚೀಟಿ ತಗೊಂಡ್ ಹೋಗಿ.