ಎಲ್‌ಪಿ ರೆಕಾರ್ಡ್‌ಗೆ ಇಂಥಾ ಪ್ಯಾಕಿಂಗಾ?

ಪ್ರಶ್ನೆ, ಶಿರಾ ಗೇಟ್, ತುಮಕೂರು:
ಆನ್‌ಲೈನ್‌ನಲ್ಲಿ ತರಿಸಿದ ವೀಣೆಯ ಎಲ್‌ಪಿ (ದೊಡ್ಡ ಗ್ರಾಮಫೋನ್ ಪ್ಲೇಟು) ಇವತ್ತು ಬಂತು. 12 ಇಂಚಿನ ಪ್ಲೇಟಿಗೆ ಬಟ್ಟೆ ಕಳಿಸೋ ಪ್ಲಾಸ್ಟಿಕ್ ಕವರ್, ಒಳಗೆ ಒಂದು ಪದರ ಗುಳ್ಳೆ ಹಾಳೆ, ಅಷ್ಟೇ! ಜಾಕೆಟ್ (ಪ್ಲೇಟಿನ ರಟ್ಟಿನ ಹೊರಕವರ್) ಮೂಲೆ ಮಡಚಿದೆ, ಮೇಲಂಚು ಸೀಳಿದೆ. ಅಪ್ಪ ಇಷ್ಟಪಟ್ಟು ಕೇಳ್ತಿದ್ದ ರೆಕಾರ್ಡ್, ಹೊಟ್ಟೆ ಉರೀತಿದೆ. ಮಾರಿದೋರಿಗೆ ಏನಂತ ಬರೀಲಿ?

ಉತ್ತರ, ಕೋಲಾರ:
ಅಂಚು ಸೀಳೋದು ಒಳಗಿನ ಪ್ಲೇಟಿಂದಲೇ. ಪಾರ್ಸೆಲ್ ಬಿದ್ದಾಗ ಜಾರಿ ಗುದ್ದುತ್ತೆ. ಒಳಕವರ್ ಸಮೇತ ಪ್ಲೇಟನ್ನ ಜಾಕೆಟ್‌ನಿಂದ ಹೊರಗೆ ತೆಗೆದು, ಜಾಕೆಟ್ ಹಿಂದೆ ಇಟ್ಟು, ಎರಡೂ ಕಡೆ ಗಟ್ಟಿ ರಟ್ಟು ಕೊಟ್ಟು ಕಳಿಸಿ ಅನ್ನಿ. ಎರಡು ರಟ್ಟಿನ ಒಳಪದರದ ಗೆರೆಗಳು ಒಂದಕ್ಕೊಂದು ಅಡ್ಡ ಇದ್ರೆ ಸುಲಭಕ್ಕೆ ಬಾಗಲ್ಲ.

ಉತ್ತರ, ಚಿಂತಾಮಣಿ:
ಫೋಟೋ ತೆಗೀರಿ, ಕವರ್ ಎಸೀಬೇಡಿ. ಪ್ಲೇಟು ಬಾಗಿದ್ಯಾ ನೋಡಿ, ವಿನೈಲ್ (ಪ್ಲೇಟಿನ ಪ್ಲಾಸ್ಟಿಕ್) ಬಿಸಿಲಿಗೆ ಮೆತ್ತಗಾಗುತ್ತೆ.

ಶಿರಾ ಗೇಟ್:
ಸಮ ಇದೆ, ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ಸೂಜಿ ಹಾರಲಿಲ್ಲ. ಜಾಕೆಟ್‌ಗೆ ಪರಿಹಾರ ಕೇಳ್ತೀನಿ.