ಮಲ್ಪೆ ಸಂಜೆಯ ಫೋಟೋ: ಆಕಾಶ ಬಿಳಿ, ದೋಣಿ ಕಪ್ಪು. ಎಕ್ಸ್‌ಪೋಶರ್ ಹೇಗೆ ಇಡುತ್ತೀರಿ?

ಕೇಳಿದವರು: ಮಲ್ಪೆಯಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಫೋಟೋ ತೆಗೆದರೆ ಆಕಾಶ ಪೂರ್ತಿ ಬಿಳಿ. ಆಕಾಶ ಸರಿ ಮಾಡಿದರೆ ದೋಣಿಗಳು ಕಪ್ಪು. ರಾ ಫೈಲ್‌ನಲ್ಲೇ (ಸೆನ್ಸರ್ ಕೊಟ್ಟದ್ದನ್ನು ಸಂಸ್ಕರಿಸದೆ ಇಡುವ ಫೈಲ್) ತೆಗೆಯುತ್ತಿದ್ದೇನೆ. ಅನುಭವ ಇದ್ದವರು ಹೇಳಿ.

ಉಡುಪಿಯಿಂದ: ರಾ ತೆಗೆಯುತ್ತೀರಿ ಅಂದರೆ ಅರ್ಧ ಕೆಲಸ ಆಯ್ತು ಮಾರಾಯ್ರೆ. ಸುಟ್ಟುಹೋದ ಬಿಳಿ ವಾಪಸ್ ಬರುವುದಿಲ್ಲ, ನೆರಳನ್ನು ಆಮೇಲೆ ಎತ್ತಬಹುದು. ಹಾಗಂತ ಸುಮ್ನೆ ಕತ್ತಲೆ ಮಾಡಿ ತೆಗೆಯಬೇಡಿ. ಎತ್ತಿದ ನೆರಳಲ್ಲಿ ನಾಯ್ಸ್ (ಕಾಳುಕಾಳು ಚುಕ್ಕೆ) ಬಂದು, ದೋಣಿಯ ನೀಲಿ ಬಣ್ಣಕ್ಕೆ ಮರಳು ಎರಚಿದ ಹಾಗೆ ಕಾಣುತ್ತದೆ.

ಐಎಸ್ಒ (ಸಿಗ್ನಲ್ ಹಿಗ್ಗಿಸುವ ಸೆಟ್ಟಿಂಗ್) 100ಕ್ಕೆ ಇಡಿ. ಹೈಲೈಟ್ ವಾರ್ನಿಂಗ್ ಆನ್ ಮಾಡಿ, ಬಿಳಿ ಸುಟ್ಟ ಜಾಗ ಸ್ಕ್ರೀನ್‌ನಲ್ಲಿ ಮಿನುಗುತ್ತದೆ. ಸೂರ್ಯನ ಬಿಂಬ ಸುಡಲಿ, ಅದನ್ನು ಉಳಿಸಲು ಹೋದರೆ ಉಳಿದದ್ದೆಲ್ಲ ಕೈಬಿಡುತ್ತದೆ. ಮೋಡದ ಅಂಚು ನೋಡಿ. ಅದು ಮಿನುಗಲು ಶುರುವಾಗುವವರೆಗೆ ಶಟರ್ ನಿಧಾನ ಮಾಡುತ್ತಾ ಹೋಗಿ, ಮಿನುಗಿದ ಕೂಡಲೇ ಡಯಲ್‌ನ ಒಂದು ಕ್ಲಿಕ್ ಹಿಂದೆ ಬನ್ನಿ. ಇದಕ್ಕೇ ‘ಎಕ್ಸ್‌ಪೋಸ್ ಟು ದಿ ರೈಟ್’ ಅನ್ನುವುದು, ಅಂದರೆ ಹಿಸ್ಟೋಗ್ರಾಮ್ (ಎಡಕ್ಕೆ ಕತ್ತಲೆ, ಬಲಕ್ಕೆ ಬೆಳಕು ಎಷ್ಟಿದೆ ಅಂತ ತೋರಿಸುವ ನಕ್ಷೆ) ಬಲಕ್ಕೆ ತಳ್ಳುವುದು. 2003ರಲ್ಲಿ ಫೋಟೋಗ್ರಾಫರ್ ಮೈಕೆಲ್ ರೈಕ್‌ಮನ್ ಬರೆದ ಮೇಲೆ ಹೆಸರಾಯಿತು. ಅವರು ಕೊಟ್ಟ ಕಾರಣ, ರಾ ಫೈಲ್‌ನ ಬೆಳಕಿನ ಹಂತಗಳಲ್ಲಿ ಅರ್ಧದಷ್ಟು ಮೇಲಿನ ಒಂದೇ ಸ್ಟಾಪ್‌ಗೆ (ಬೆಳಕು ದುಪ್ಪಟ್ಟಾಗುವ ಒಂದು ಹೆಜ್ಜೆ) ಹೋಗುತ್ತವೆ ಅಂತ. 14 ಬಿಟ್ ಫೈಲ್ ಆದರೆ 16,384 ಹಂತದಲ್ಲಿ 8,192. ಲೆಕ್ಕ ಸರಿ, ಆದರೆ ಅಸಲಿ ಲಾಭ ಬೇರೆ. ಸೆನ್ಸರ್‌ಗೆ ಬೆಳಕು ಜಾಸ್ತಿ ಬಿದ್ದಷ್ಟೂ ನಾಯ್ಸ್ ಕಮ್ಮಿ ಕಾಣುತ್ತದೆ, ಅಷ್ಟೇ.

ಇನ್ನೊಂದು. ಕ್ಯಾಮೆರಾದ ಹಿಂದೆ ಕಾಣುವ ಹಿಸ್ಟೋಗ್ರಾಮ್ ಸಾಮಾನ್ಯವಾಗಿ ಕ್ಯಾಮೆರಾ ತಾನೇ ಸಂಸ್ಕರಿಸಿದ ಜೆಪೆಗ್‌ನದ್ದು, ರಾ ಫೈಲ್‌ನದ್ದಲ್ಲ. ವಾರ್ನಿಂಗ್ ಬಂದ ಮೇಲೂ ರಾದಲ್ಲಿ ಸ್ವಲ್ಪ ಜಾಗ ಉಂಟು. ಎಷ್ಟು ಅನ್ನುವುದು ಕ್ಯಾಮೆರಾದಿಂದ ಕ್ಯಾಮೆರಾಗೆ ಬೇರೆ. ಹಗಲಲ್ಲಿ ಒಂದು ಬಿಳಿ ಮೋಡವನ್ನು ಒಂದೊಂದೇ ಕ್ಲಿಕ್ ಏರಿಸಿ ತೆಗೆದು, ಯಾವ ಫ್ರೇಮ್‌ನಲ್ಲಿ ವಿವರ ಸತ್ತಿತು ಅಂತ ಕಂಪ್ಯೂಟರ್‌ನಲ್ಲಿ ನೋಡಿ. ಪಿಕ್ಚರ್ ಸ್ಟೈಲ್ (ಜೆಪೆಗ್‌ನ ಬಣ್ಣ, ಕಾಂಟ್ರಾಸ್ಟ್ ಸೆಟ್ಟಿಂಗ್) ನ್ಯೂಟ್ರಲ್‌ಗೆ ಇಟ್ಟರೆ ವಾರ್ನಿಂಗ್ ನಿಜಕ್ಕೆ ಹತ್ತಿರ ಬರುತ್ತದೆ.

ಮಂಗಳೂರಿನಿಂದ: ಮೇಲಿನವರು ಹೇಳಿದ್ದು ಸರಿ, ಒಂದು ಸೇರಿಸುತ್ತೇನೆ. ಕೆಂಪು, ಹಸಿರು, ನೀಲಿ ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಮ್ ಹಾಕಿಕೊಳ್ಳಿ. ಯಕ್ಷಗಾನದಲ್ಲಿ ಇದು ತುಂಬಾ ಮುಖ್ಯ. ಸಾದಾ ಹಿಸ್ಟೋಗ್ರಾಮ್ ಚೆನ್ನಾಗೇ ಕಾಣುತ್ತದೆ, ಕೆಂಪು ಚಾನೆಲ್ ಮಾತ್ರ ಸುಟ್ಟಿರುತ್ತದೆ. ಆಮೇಲೆ ವೇಷದ ಕೆಂಪು ಬಟ್ಟೆಯಲ್ಲಿ ಒಂದು ಮಡಿಕೆಯೂ ಸಿಗುವುದಿಲ್ಲ.

ರಂಗಸ್ಥಳದಲ್ಲಿ ದಿಗಿಣ (ಹಾರಿ ಸುತ್ತುವ ಕುಣಿತ) ಹಾಕುವಾಗ ಶಟರ್ ನಿಧಾನ ಮಾಡಲಿಕ್ಕೆ ಆಗುವುದಿಲ್ಲ ಅಲ್ವಾ? ಆಗ ಐಎಸ್ಒ ಏರಿಸಿ ಹಿಸ್ಟೋಗ್ರಾಮ್ ಬಲಕ್ಕೆ ತಳ್ಳಿದರೆ ಬೆಳಕೇನೂ ಜಾಸ್ತಿ ಬರುವುದಿಲ್ಲ, ಹೈಲೈಟ್ ಜಾಗವೇ ಕಡಿಮೆಯಾಗುತ್ತದೆ. ಕಿರೀಟದ ಮಿಂಚು ಹೋದರೆ ಹೋಗಲಿ, ಮುಖದ ಬಣ್ಣ ಉಳಿಸಿ. ಚೌಕಿಯಲ್ಲಿ (ವೇಷ ಕಟ್ಟುವ ಕೋಣೆ) ಕೂತು ಬಣ್ಣ ಹಚ್ಚುವವರಾದರೆ ಬೇರೆ ಮಾತು, ಅಲ್ಲಿ ನಿಧಾನಕ್ಕೆ ಬಲಕ್ಕೆ ತಳ್ಳಬಹುದು.

ಕೇಳಿದವರು: ಬ್ರಾಕೆಟಿಂಗ್ ಮಾಡಿ, ಅಂದರೆ ಬೇರೆ ಬೇರೆ ಎಕ್ಸ್‌ಪೋಶರ್‌ನಲ್ಲಿ ತೆಗೆದು, ಜೋಡಿಸಿದರೆ?

ಉಡುಪಿಯಿಂದ: ಸೇಂಟ್ ಮೇರೀಸ್ ದ್ವೀಪಕ್ಕೆ ಮಾಡಿ. ಕಪ್ಪು ಕಲ್ಲುಕಂಬ, ಬಿಳಿ ನೊರೆ, ಒಂದೇ ಫ್ರೇಮ್‌ಗೆ ಕಷ್ಟ. ಎರಡೆರಡು ಸ್ಟಾಪ್ ಅಂತರದಲ್ಲಿ ಮೂರು ತೆಗೆಯಿರಿ. ಕಲ್ಲನ್ನು ಬೆಳಕಿನ ಫ್ರೇಮ್‌ನಿಂದ, ನೊರೆಯನ್ನು ಕತ್ತಲೆಯ ಒಂದೇ ಫ್ರೇಮ್‌ನಿಂದ ತೆಗೆದುಕೊಳ್ಳಿ. ಮಲ್ಪೆ ದೋಣಿಗೆ ಬೇಡ. ಕಟ್ಟಿ ಹಾಕಿದ್ದರೂ ಅಲೆಗೆ ಆಡುತ್ತಲೇ ಇರುತ್ತದೆ, ಜೋಡಿಸಿದರೆ ಒಂದು ದೋಣಿಗೆ ಎರಡು ಮೂತಿ.