ಪದಚರ್ಚೆ: ‘ಡೀವಿಯನ್ಸ್’ಗೆ ‘ವಿಚಲನೆ’ ಒಗ್ಗುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಅಪರಾಧಶಾಸ್ತ್ರವನ್ನು ಪದವಿಗೆ ಆರಿಸಿಕೊಂಡವರಿಗಾಗಿ ಮೊದಲ ವರ್ಷದ ಟಿಪ್ಪಣಿಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬಹಳಷ್ಟು ಪದಗಳು ಕಷ್ಟ ಕೊಡಲಿಲ್ಲ. ಬೆರಳಚ್ಚು, ರಕ್ತದ ಕಲೆಗಳ ಪರೀಕ್ಷೆ ವಿಧಿವಿಜ್ಞಾನಕ್ಕೆ ಸೇರಿದ್ದು. ಜನ ಯಾಕೆ ಅಪರಾಧ ಮಾಡುತ್ತಾರೆ, ಸಮಾಜ ಯಾವುದನ್ನು ಅಪರಾಧ ಎನ್ನುತ್ತದೆ, ಶಿಕ್ಷೆಯಿಂದ ಏನಾಗುತ್ತದೆ ಎಂದು ಕೇಳುವುದು ಅಪರಾಧಶಾಸ್ತ್ರ. ಹೊಸಬರಲ್ಲಿ ಅನೇಕರು ಇವೆರಡೂ ಒಂದೇ ಎಂದುಕೊಂಡು ಸೇರುತ್ತಾರೆ. ಹೆಸರುಗಳು ಬೇರೆಬೇರೆ ಇರುವುದರಿಂದ ಬಿಡಿಸಿ ಹೇಳುವುದು ಸುಲಭ.

ನಾನು ಸಿಕ್ಕಿಕೊಂಡಿರುವುದು ‘ಡೀವಿಯನ್ಸ್’ನಲ್ಲಿ (deviance), ಅಂದರೆ ಸಮಾಜ ಸರಿಯೆಂದು ಒಪ್ಪಿದ ರೀತಿಗೆ ಹೊಂದದ ನಡತೆ ಅಥವಾ ಸ್ಥಿತಿ. ಸಮಾಜಶಾಸ್ತ್ರದ ಬರಹಗಳಲ್ಲಿ ‘ವಿಚಲನೆ’ ಎಂದಿರುವುದನ್ನು ನೋಡಿದ್ದೇನೆ. ಆದರೆ ಇದೇ ವಿದ್ಯಾರ್ಥಿಗಳು ಸಂಖ್ಯಾಶಾಸ್ತ್ರವನ್ನೂ ಓದಬೇಕು, ಅಲ್ಲಿ ‘ಮಾನಕ ವಿಚಲನೆ’ ಇದೆ: ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ. ‘ಈ ಗುಂಪಿನಲ್ಲಿ ವಿಚಲನೆ ಹೆಚ್ಚು’ ಎಂದು ಬರೆದರೆ ಓದುವವರು ಯಾವುದೆಂದು ತಿಳಿಯಬೇಕು?

‘ದಾರಿ ತಪ್ಪುವುದು’, ‘ಅಡ್ಡದಾರಿ’ ನಮ್ಮವೇ ಮಾತುಗಳು, ಕಿವಿಗೂ ಹಿತ. ಆದರೆ ಆಡಿದ ಕೂಡಲೇ ತೀರ್ಪು ಕೊಟ್ಟುಬಿಡುತ್ತವೆ. ಅಮೆರಿಕದ ಸಮಾಜಶಾಸ್ತ್ರಜ್ಞ ಹೊವರ್ಡ್ ಬೆಕರ್ 1963ರಲ್ಲಿ ವಾದಿಸಿದ್ದು ಇದಕ್ಕೆ ತದ್ವಿರುದ್ಧ: ಡೀವಿಯನ್ಸ್ ನಡತೆಯೊಳಗೇ ಇರುವ ಗುಣವಲ್ಲ, ಕಟ್ಟಳೆ ಮಾಡಿದವರು ಅದನ್ನು ಇನ್ನೊಬ್ಬರ ಮೇಲೆ ಹೇರಿ ಹಣೆಪಟ್ಟಿ ಹಚ್ಚಿದಾಗ ಹುಟ್ಟುವಂಥದ್ದು. ಬೈಗುಳದ ಪದ ಹಿಡಿದು ಈ ವಾದವನ್ನು ಕಲಿಸಲು ಹೊರಟರೆ ಮೊದಲ ಸಾಲಿನಲ್ಲೇ ಸೋಲುತ್ತೇವೆ.

‘ಅಪರಾಧ’ ಎಂದೇ ಬಳಸೋಣವೆಂದರೆ ಅದೂ ಆಗದು. ಇಬ್ಬರು ವಯಸ್ಕ ಗಂಡಸರ ಖಾಸಗಿ ಸಂಬಂಧ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1967ರಲ್ಲಿ, ಭಾರತದಲ್ಲಿ 2018ರಲ್ಲಿ ಅಪರಾಧವಲ್ಲವೆಂದಾಯಿತು. ಕಾನೂನು ಕೈಬಿಟ್ಟ ದಿನವೇ ಜನರ ತಾತ್ಸಾರ ನಿಲ್ಲಲಿಲ್ಲ. ಅತ್ತ ವೇಗಮಿತಿ ಮೀರಿ ವಾಹನ ಓಡಿಸುವುದು ಕಾನೂನಿಗೆ ತಪ್ಪು, ಆದರೂ ಅಂಥವರನ್ನು ಯಾರೂ ದೂರ ಇಡುವುದಿಲ್ಲ. ಅಪರಾಧ ಮತ್ತು ಡೀವಿಯನ್ಸ್ ನಡುವಿನ ಈ ಅಂತರ ಮೊದಲ ವರ್ಷದಲ್ಲೇ ಮನಸ್ಸಿಗೆ ನಾಟಬೇಕು, ಇಲ್ಲದಿದ್ದರೆ ಮುಂದಿನ ಸಿದ್ಧಾಂತಗಳೆಲ್ಲ ಬಾಯಿಪಾಠವಾಗುತ್ತವೆ.

ಸದ್ಯಕ್ಕೆ ‘ಕಟ್ಟುಮೀರಿಕೆ’ ಎಂದು ಬರೆದಿಟ್ಟಿದ್ದೇನೆ. ‘ಸಾಮಾಜಿಕ ಕಟ್ಟಳೆ’ಯ ಜೊತೆ ಚೆನ್ನಾಗಿ ಹೊಂದುತ್ತದೆ, ‘ಕಟ್ಟುಮೀರಿದ ನಡತೆ’ ಎಂದೂ ಹೇಳಬಹುದು. ಕೊರತೆ ಒಂದಿದೆ: ‘ಮೀರು’ ಎಂದರೆ ಬೇಕೆಂದೇ ಮಾಡಿದಂತೆ. ಮನೋರೋಗಿಗಳನ್ನೂ ಸಮಾಜ ಇದೇ ಸಾಲಿಗೆ ತಳ್ಳುತ್ತದೆ, ಅವರು ಏನನ್ನೂ ಮೀರಿದವರಲ್ಲ. ‘ರೂಢಿಭಂಗ’ಕ್ಕೂ ಇದೇ ದೋಷ.

ಬೇಕೆಂದೇ ಮಾಡಿದ್ದು ಎಂಬ ಧ್ವನಿಯೂ ಇಲ್ಲದ, ದೂಷಣೆಯೂ ಇಲ್ಲದ ಪದ ನಿಮ್ಮ ಕಡೆಯ ಮಾತಿನಲ್ಲಿ ಇದೆಯೇ? ಸಮಾಜಶಾಸ್ತ್ರ ಕಲಿಸುವವರು ತರಗತಿಯಲ್ಲಿ ಬಾಯಿಮಾತಿಗೆ ಏನೆನ್ನುತ್ತೀರಿ ಎಂಬುದನ್ನೂ ದಯವಿಟ್ಟು ತಿಳಿಸಿ.